ಒಂದು ದಿನ ಮೊದಲೇ ಮಾರಿದ ಶೇರು

ಇದು ನಡೆದದ್ದು ಎರಡು ವರ್ಷದ ಹಿಂದೆ, ಪಂಚಮಿ ಹಬ್ಬಕ್ಕೆ ಇನ್ನೂ ಮೂರು ನಾಲ್ಕು ವಾರ ಇದ್ದಾಗ. ನಾವಿರುವುದು ಸಿಂದಗಿಯಲ್ಲಿ. ನಮ್ಮ ಮನೆಯವರಿಗೆ ಮುದ್ದೇಬಿಹಾಳದಲ್ಲಿ ನೌಕರಿ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ಮಗಳು ಮತ್ತು ಮಾವನವರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ.

ಮಾವನವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನೌಕರಿಯಲ್ಲಿದ್ದಾಗಿನಿಂದ ಸ್ವಲ್ಪ ಸ್ವಲ್ಪವೇ ಶೇರು ಕೊಂಡು ಹದಿನಾಲ್ಕು ಕಂಪನಿಗಳದ್ದು ಮಾಡಿಟ್ಟಿದ್ದರು. ದಿನಾ ಕೊಂಡು ದಿನಾ ಮಾರುವ ಚಟ ಅವರಿಗಿರಲಿಲ್ಲ. ಕಂಪನಿಗಳು ವರ್ಷಕ್ಕೆ ಒಂದೋ ಎರಡೋ ಸಲ ಲಾಭದಲ್ಲಿ ಕೊಡುವ ಪಾಲು, ಅಂದರೆ ಡಿವಿಡೆಂಡ್, ಅದರ ಮೇಲೇ ಅವರ ಲಕ್ಷ್ಯ. ಯಾವ ಕಂಪನಿಯದು ಯಾವ ತಾರೀಕು ಅಂತ ಉದ್ದನೆಯ ರಜಿಸ್ಟರಿನಲ್ಲಿ ಗೆರೆ ಹಾಕಿ ಬರೆದಿಡುತ್ತಿದ್ದರು. ಕಣ್ಣಿನ ಒತ್ತಡ ಹೆಚ್ಚಾಗಿ ಮೊದಲು ಎಡಗಣ್ಣು ಹೋಯಿತು. ಆ ವರ್ಷದ ಸಂಕ್ರಾಂತಿ ಹೊತ್ತಿಗೆ ಬಲಗಣ್ಣಿಗೂ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದಂತಾಯಿತು.

ಒಂದು ಮುಂಜಾನೆ ಕರೆದು ಮೊಬೈಲ್ ನನ್ನ ಕೈಯಲ್ಲಿಟ್ಟರು. "ಸುನಂದಾ, ಇನ್ನ ಮ್ಯಾಲೆ ನೀ ಓದು, ನಾ ಕೇಳ್ತೇನಿ" ಅಂದರು. ಪಾಸ್‌ವರ್ಡೂ ಹೇಳಿದರು. ಇದನ್ನು ಫೋನಿನಲ್ಲಿ ನಮ್ಮ ಮನೆಯವರಿಗೆ ಹೇಳಿದರೆ ನಕ್ಕುಬಿಟ್ಟರು. "ನಿನಗ ಅದೆಲ್ಲಾ ತಿಳಿತೈತೇನು? ಎಲ್ಲರೆ ತಪ್ಪು ಮಾಡಿ ಕುಂತೀಯ" ಅಂದರು. ತಮಾಷೆಗೇ ಅಂದದ್ದು, ಆದರೆ ನನಗೆ ಹಠ ಬಂತು.

ಮಾವನವರು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿಕೊಟ್ಟರು. ಎಲ್ಲಕ್ಕಿಂತ ಮುಖ್ಯ ಎಕ್ಸ್-ಡೇಟ್ ಅನ್ನುವುದು. "ಆ ದಿನದ ಮುಂಜಾನಿಗೆ ಶೇರು ಯಾರ ಹೆಸರಿನ್ಯಾಗ ಇರ್ತೈತಿ, ಡಿವಿಡೆಂಡ್ ಅವರಿಗೆ. ಹಿಂದಿನ ದಿನಾ ಮಾರಿದ್ರ ಅದು ಕೊಂಡವರ ಪಾಲು. ಆ ದಿನಾ ಮಾರಿದ್ರ ನಮ್ಮ ಪಾಲು. ಇಷ್ಟ ನೆಪ್ಪಿಟ್ಕೋ." ಬೆಳಿಗ್ಗೆ ಚಹಾ ಆದ ಮೇಲೆ ಆ ವಾರದ ತಾರೀಕುಗಳನ್ನು, ಶೇರುಗಳ ಬೆಲೆಯನ್ನು ನಾನು ಓದುವುದು, ಅವರು ಹೂಂ ಅನ್ನುವುದು, ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುವುದು, ಹೀಗೆ ರೂಢಿಯಾಯಿತು. ಐದಾರು ತಿಂಗಳು ಒಂದೂ ತಪ್ಪಾಗಲಿಲ್ಲ.

ಹದಿನಾಲ್ಕರಲ್ಲಿ ಒಂದು ಕಂಪನಿಯನ್ನು ಅವರು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. ಅಕ್ಕನ ಕಂಪನಿ ಅನ್ನುತ್ತಿದ್ದರು. ಅವರ ಅಕ್ಕನನ್ನು ಹೊರ್ತಿಗೆ ಕೊಟ್ಟಿದ್ದಾರೆ, ನಾವೆಲ್ಲ ಹೊರ್ತಿ ಅತ್ತಿ ಅನ್ನುತ್ತೇವೆ. ಎಮ್ಮೆ ಕಟ್ಟಿ, ಹೈನದ ರೊಕ್ಕದಲ್ಲಿ ತಮ್ಮನ ಬಿ.ಎಡ್. ಫೀಸು ಕಟ್ಟಿದವರು ಅವರು. ನೌಕರಿ ಸಿಕ್ಕ ಮೇಲೆ ಮಾವನವರು ಮೊದಲು ಕೊಂಡ ಶೇರು ಆ ಕಂಪನಿಯದು. ಅದರ ಡಿವಿಡೆಂಡ್ ಪ್ರತಿ ವರ್ಷ ಪಂಚಮಿಗೆ ಅತ್ತಿಗೆ ಹೋಗುತ್ತಿತ್ತು. ತಮ್ಮನ ಕೈಯಿಂದ ರೊಕ್ಕ ತೆಗೆದುಕೊಳ್ಳಲು ಒಪ್ಪದ ಹೆಂಗಸು, ಕಂಪನಿ ಕೊಟ್ಟದ್ದು ಅಂದರೆ ಸುಮ್ಮನೆ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು.

ಆ ವರ್ಷ ಮಾವನವರು ಆ ಶೇರು ಮಾರಲು ನಿಶ್ಚಯಿಸಿದರು. "ಕಂಪನಿ ನಡಿಗಿ ಮೊದಲಿನಂಗ ಇಲ್ಲ. ಆದ್ರ ಎಕ್ಸ್-ಡೇಟ್ ದಿನಾನ ಮಾರು, ಅದರ ಮೊದಲು ಬ್ಯಾಡ. ಅಕ್ಕನ ಪಾಲು ಕಡೀ ಸಲ ಬಂದುಬಿಡ್ಲಿ" ಅಂದರು. ಆ ವಾರ ಎರಡು ಕಂಪನಿಗಳ ತಾರೀಕು ಒಂದರ ಹಿಂದೊಂದು ಬಂದಿದ್ದವು. ಒಂದರದ್ದು ಗುರುವಾರ, ಅಕ್ಕನ ಕಂಪನಿಯದ್ದು ಶುಕ್ರವಾರ. ಮದುವೆಯವರ ಎಂಟು ಬ್ಲೌಸ್ ಹೊಲಿಯುವ ಗಡಿಬಿಡಿಯಲ್ಲಿ ಇದ್ದ ನಾನು ಕ್ಯಾಲೆಂಡರಿನಲ್ಲಿ ಅದರ ಹೆಸರು ಇದಕ್ಕೆ, ಇದರ ಹೆಸರು ಅದಕ್ಕೆ ಬರೆದುಬಿಟ್ಟಿದ್ದೆ.

ಗುರುವಾರ ಮುಂಜಾನೆ ಮಾವನವರು ಪಕ್ಕದ ಮನೆಯ ಹಿರಿಯರ ಕೈ ಹಿಡಿದುಕೊಂಡು ಗುಡಿಗೆ ಹೋಗಿದ್ದರು. ನಾನು ಕ್ಯಾಲೆಂಡರ್ ನೋಡಿ, ಒಬ್ಬಳೇ ಕೂತು ಅಷ್ಟೂ ಶೇರು ಮಾರಿದೆ. ಯಾರನ್ನೂ ಕೇಳದೆ ಮಾಡಿದೆನಲ್ಲ ಅಂತ ಖುಷಿಯಾಯಿತು. ಅಷ್ಟರಲ್ಲಿ ಬ್ಲೌಸಿನವರು ಬಂದರು, ಮಾವನವರಿಗೆ ಹೇಳುವುದು ಉಳಿದುಹೋಯಿತು.

ಮರುದಿನ ಮಾವನವರೇ ಕರೆದರು. "ಸುನಂದಾ, ಇವತ್ತ ಶುಕ್ರವಾರ. ಅಕ್ಕನ ಕಂಪನಿ ಎಕ್ಸ್-ಡೇಟ್. ಮಾರಿಬಿಡು."

ಮೊಬೈಲ್ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಅತ್ತಿಯ ಕಡೆಯ ಪಾಲು ನನ್ನ ಕೈಯಿಂದಲೇ ಹೋಯಿತಲ್ಲ, ಮನೆಯವರು ಅಂದದ್ದು ಖರೇ ಆಯಿತಲ್ಲ ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು. ಎರಡು ನಿಮಿಷ ಬಿಟ್ಟು "ಮಾರಿದೆನ್ರಿ ಮಾವಾರ" ಅಂದೆ.

"ಎಷ್ಟಕ್ಕ ಹೋತು?"

ಗುರುವಾರ ಬಂದ ಬೆಲೆಯನ್ನೇ ಹೇಳಿದೆ. ಅದರಲ್ಲಾದರೂ ಸುಳ್ಳು ಬೇಡ ಅನ್ನಿಸಿತ್ತು.

"ಹಂಗೇನು? ಛಲೋ ಬೆಲಿ ಬಂತಲ್ಲ" ಅಂದರು.

ಆಮೇಲಿನ ದಿನಗಳಲ್ಲಿ ನನಗೆ ಸರಿಯಾಗಿ ಊಟ ಸೇರಲಿಲ್ಲ. ಮಿಶನ್ ತುಳಿಯುವಾಗಲೂ ಅದೇ ಯೋಚನೆ. ಒಂದು ಶೇರಿಗೆ ಹತ್ತು ರೂಪಾಯಿಯಂತೆ ಸಾವಿರದ ಇನ್ನೂರು ಶೇರಿಗೆ ಹನ್ನೆರಡು ಸಾವಿರ ಬರಬೇಕಿತ್ತು. ಹೊಲಿಗೆಯಿಂದ ಉಳಿಸಿದ ರೊಕ್ಕ ನನ್ನ ಖಾತೆಯಲ್ಲಿತ್ತು, ಹೊಸ ಮಿಶನ್ ಕೊಳ್ಳಲೆಂದು ಇಟ್ಟದ್ದು. ಎ.ಟಿ.ಎಂ.ಗೆ ಹೋಗಿ ಹನ್ನೆರಡು ಸಾವಿರ ತೆಗೆದೆ. ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಮೊಬೈಲ್ ಹಿಡಿದು ಮಾವನವರ ಮುಂದೆ ಕೂತು, ಇಲ್ಲದ ಮೆಸೇಜನ್ನು ಓದಿದೆ.

"ಡಿವಿಡೆಂಡ್ ಜಮಾ ಆಗೈತ್ರಿ. ಹನ್ನೆರಡು ಸಾವಿರ."

"ಪೂರಾ ಹನ್ನೆರಡು ಸಾವಿರ?"

"ಹೌದ್ರಿ."

"ಪಾಕೀಟಿನ್ಯಾಗ ಹಾಕಿಡು" ಅಂದರು.

ಹಬ್ಬಕ್ಕೆ ತಂಗಿ, ಅಕ್ಕ ತವರಿಗೆ ಬರುವುದು ನಮ್ಮ ಕಡೆಯ ಪದ್ಧತಿ. ಹೊರ್ತಿ ಅತ್ತಿಗೆ ಮೊಣಕಾಲು ನೋವು, ಹಾಗಾಗಿ ತಮ್ಮನೇ ಹೋಗುತ್ತಾರೆ. ನಾನು ಮಾವನವರ ಕೈ ಹಿಡಿದು ಇಂಡಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹೊರ್ತಿ ಮುಟ್ಟಿದೆ. ಅತ್ತಿ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ಎಲ್ಲ ಹರವಿಕೊಂಡು ಕಾಯುತ್ತಿದ್ದರು. ಮಾವನವರು ಸೀರೆಯ ಮೇಲೆ ಪಾಕೀಟು ಇಟ್ಟು ಕೊಟ್ಟರು. "ಈ ಸಲ ಕಂಪನಿ ಭಾಳ ಕೊಟ್ಟೈತಿ ಬಿಡು" ಅಂತ ಅತ್ತಿ ಎಣಿಸಿ ನಕ್ಕರು. ಮಾವನವರು ನಗಲಿಲ್ಲ. ನಾನು ನೀರು ತರುವ ನೆವ ಮಾಡಿ ಒಳಗೆ ಹೋದೆ.

ತಿರುಗಿ ಬರುವಾಗ ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸಿಗೆ ಒಂದು ತಾಸು ಕೂಡಬೇಕಾಯಿತು. ಕಲ್ಲಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು. ಮಾವನವರು ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಮೆಲ್ಲಗೆ ಕೇಳಿದರು.

"ಸುನಂದಾ, ಆ ರೊಕ್ಕ ನಿಂದ ಹೌದಲ್ಲ?"

ನಾನು ಹೌದೆಂದು ತಲೆಯಾಡಿಸಿದೆ. ಅವರಿಗೆ ಅದು ಕಾಣುವುದಿಲ್ಲ ಅನ್ನುವುದು ನೆನಪಾಗಿ "ಹೌದ್ರಿ" ಅಂದೆ. ಅಂದ ಕೂಡಲೇ ಅಳು ಬಂತು. ಕ್ಯಾಲೆಂಡರಿನಲ್ಲಿ ಹೆಸರು ಅದಲುಬದಲಾದದ್ದು, ಗುರುವಾರವೇ ಮಾರಿದ್ದು, ಎಲ್ಲ ಹೇಳಿದೆ.

"ನಿಮಗ ಹೆಂಗ ಗೊತ್ತಾತ್ರಿ?" ಅಂದೆ.

"ಎಕ್ಸ್-ಡೇಟ್ ದಿನಾ ಎಷ್ಟು ಡಿವಿಡೆಂಡ್ ಐತಿ, ಹೆಚ್ಚುಕಡಿಮಿ ಅಷ್ಟ ಬೆಲಿ ಇಳಿತೈತಿ. ನೀ ಹೇಳಿದ ಬೆಲಿ ಇಳಿದಿದ್ದಿಲ್ಲ. ಅವತ್ತ ಸಂಶಯ ಬಂತು. ಮತ್ತ ಕಂಪನಿ ಹತ್ತು ಪರ್ಸೆಂಟ್ ತೆರಿಗಿ ಹಿಡ್ಕೊಂಡ ಕಳಸ್ತೈತಿ. ಬರೋದು ಹತ್ತು ಸಾವಿರದ ಎಂಟುನೂರು. ನೀ ಪೂರಾ ಹನ್ನೆರಡು ಅಂದಿ."

"ಗೊತ್ತಿದ್ದೂ ಯಾಕ ಸುಮ್ಮನಿದ್ರಿ?"

"ನೀನ ಹೇಳ್ತಿ ಅಂತ ಕಾದೆ. ಹೊರ್ತಿ ತನಕಾ ಕಾದೆ."

ಆ ಮಾತಿಗಿಂತ ಅವರು ಎರಡು ಏಟು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕಣ್ಣೊರಸಿಕೊಳ್ಳುತ್ತ ಅತ್ತಿಯ ಪಾಲು ನನ್ನಿಂದ ಹೋಯಿತು ಅಂದೆ.

"ಎಲ್ಲಿ ಹೋತು? ಹಿಂದಿನ ದಿನಾ ಮಾರಿದ್ದಕ್ಕ ಆ ರೊಕ್ಕ ಬೆಲಿಯೊಳಗ ಕೂಡೇ ಬಂದೈತಿ. ಅದರಾಗಿಂದ ತೆಗೆದು ಅಕ್ಕಗ ಕೊಡ್ತಿದ್ದೆ. ಅವತ್ತ ಒಂದು ಮಾತು ಹೇಳಿದ್ರ ಅಲ್ಲೇ ಮುಗೀತಿತ್ತು."

ಮೊಬೈಲ್ ತೆಗೆದು ಮಾರಿದ ದಿನದ ಬೆಲೆ, ಮರುದಿನದ ಬೆಲೆ ಎರಡನ್ನೂ ಓದು ಅಂದರು. ಓದಿದೆ. ಬೆರಳು ಮಡಚಿ ಲೆಕ್ಕ ಹಾಕಿ, ಇಳಿದದ್ದು ಒಂದು ಶೇರಿಗೆ ಹತ್ತು ರೂಪಾಯಿಗೆ ಸ್ವಲ್ಪ ಮೇಲೆಯೇ ಅಂತ ತೋರಿಸಿಕೊಟ್ಟರು. ಮೂರು ವಾರ ನಾನು ಒದ್ದಾಡಿದ್ದು ಕಳೆದೇ ಹೋಗದ ಒಂದು ವಸ್ತುವಿಗಾಗಿ.

ಬಸ್ಸು ಬರುವ ಸ್ವಲ್ಪ ಮೊದಲು ಅವರು ಇನ್ನೊಂದು ಮಾತು ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡವ್ವ, ಕಣ್ಣು ಹೋದ ಮ್ಯಾಲೆ ನೀ ಏನು ಓದ್ತಿ, ನನಗ ಅಷ್ಟ ಕಾಣೋದು. ತಪ್ಪು ಓದು, ನಡಿತೈತಿ. ನಾನೂ ತಪ್ಪು ಓದೀನಿ. ಆದ್ರ ಇಲ್ಲದ್ದು ಓದಬ್ಯಾಡ."

ಸಿಂದಗಿಯಲ್ಲಿ ಇಳಿಯುವಾಗ ಎಂದಿನಂತೆ ಕೈ ಚಾಚಿದರು, ನಾನು ಹಿಡಿದುಕೊಂಡೆ. ಮರುದಿನ ಅವರ ಖಾತೆಯಿಂದ ನನ್ನ ಖಾತೆಗೆ ಹನ್ನೆರಡು ಸಾವಿರ ಕಳಿಸು ಅಂತ ಹೇಳಿ, ನಾನು ಕಳಿಸುವ ತನಕ ಪಕ್ಕದಲ್ಲೇ ಕೂತಿದ್ದರು. ಮಗನಿಗೆ ಈ ವಿಷಯ ಅವರು ಹೇಳಲೇ ಇಲ್ಲ. ವರ್ಷದ ಮೇಲೆ ನಾನೇ ಹೇಳಿದೆ.

ಹೋದ ತಿಂಗಳು ಮತ್ತೆ ಒಂದು ತಪ್ಪು ಮಾಡಿದೆ. ಒಂದು ಕಂಪನಿಯ ಶೇರು ಎಕ್ಸ್-ಡೇಟಿನ ಮೊದಲು ಇನ್ನಷ್ಟು ಕೊಳ್ಳು ಅಂದಿದ್ದರು, ಮರೆತೆ. ಬೆಳಿಗ್ಗೆ ನೆನಪಾದ ಕೂಡಲೇ ಒಲೆ ಆರಿಸಿ ಹೊರಗೆ ಹೋಗಿ, "ಮಾವಾರ, ನಿನ್ನೆ ಕೊಳ್ಳೋದು ಮರ್ತೆನ್ರಿ, ಇವತ್ತ ಎಕ್ಸ್-ಡೇಟ್ ಆಗಿಬಿಟ್ಟೈತಿ" ಅಂದೆ. ಹೀಗೆ ಹೇಳಬಹುದಾದ ಒಬ್ಬರು ಮನೆಯಲ್ಲಿದ್ದಾರೆ ಅನ್ನುವ ನೆಮ್ಮದಿಯನ್ನು ನಾನು ಅವತ್ತಿನಿಂದ ಅನುಭವಿಸುತ್ತಿದ್ದೇನೆ.

ಅವರು ಮುಖ ನನ್ನ ಕಡೆ ತಿರುಗಿಸಿ, "ಆತು. ಮುಂದಿಂದು ಯಾವಾಗೈತಿ, ಓದು" ಅಂದರು. ನಾನು ಓದಿದೆ.