ಬೆಳ್ಳಿಯ ಗುಡ್ಡದಲ್ಲಿ ನಿಂತ ನೀರು

ಬೆಳ್ಳಿ ಹುಡುಕುವ ನೌಕರಿ ಎಂದರೆ ನಮ್ಮ ಕಡೆಯವರು ಮೊದಲು ನನ್ನ ಕಾಲು ನೋಡುತ್ತಾರೆ. ಗೆಜ್ಜೆ ಇಲ್ಲ, ಹೊಲಿಗೆ ಬಿಚ್ಚಿದ ಬೂಟು ಇದೆ. "ಚಾಂದಿ ಹುಡುಕೋಕಿ ಕಾಲಾಗ ಒಂದ ಗೆಜ್ಜಿ ಸುದ್ದಾ ಇಲ್ಲಲ್ಲ ಬೇ" ಎಂದು ರಾಯಬಾಗದ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿ ನಕ್ಕಿದ್ದಳು. ನಾನೂ ನಕ್ಕೆ. ಆದರೆ ಆ ನೌಕರಿ ನನಗೆ ಯಾರೂ ಕರೆದು ಕೊಟ್ಟದ್ದಲ್ಲ, ಯಾರ ಕೃಪೆಯಿಂದಲೂ ಉಳಿದದ್ದಲ್ಲ. ಅದು ಹೇಗೆ ಉಳಿಯಿತು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಹಟ ಹಿಡಿದು ಕೂತಿದ್ದೆ.

ಅಥಣಿ ತಾಲೂಕಿನ ಸತ್ತಿಯ ಆಚೆ, ಕೃಷ್ಣೆಯ ದಂಡೆಗೆ ನಮ್ಮೂರು. ಅಪ್ಪ ಬಾವಿಯ ಹೂಳೆತ್ತುವವನು. ಬೇಸಿಗೆ ಬಂತೆಂದರೆ ಕಬ್ಬಿನ ಗದ್ದೆಯವರ, ದ್ರಾಕ್ಷಿ ತೋಟದವರ ಬಾವಿಗೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಅವ್ವ ಮೇಲೆ ನಿಂತು ಕೆಸರಿನ ಬುಟ್ಟಿ ಹೊರುತ್ತಿದ್ದಳು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ನಾವು ಯಾವ ಕೇರಿಯವರೆಂಬುದು ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ಅಪ್ಪ ಬಾವಿಯ ತಳಕ್ಕೆ ಇಳಿಯಬಹುದಿತ್ತು, ದಂಡೆಯ ಮೇಲೆ ನಿಂತು ಕೊಡ ಇಳಿಸುವಂತಿರಲಿಲ್ಲ. ಅವನೇ ತೊಳೆದು ಕೊಟ್ಟ ಬಾವಿಯ ನೀರನ್ನು ಸಂಜೆ ಯಾರೋ ಎತ್ತರದಿಂದ ಅವನ ಬೊಗಸೆಗೆ ಹೊಯ್ಯುತ್ತಿದ್ದರು. ಇದು ನಾನು ಕೇಳಿದ ಕಥೆಯಲ್ಲ, ಏಳೆಂಟು ವರ್ಷದವಳಿದ್ದಾಗ ಪಕ್ಕದಲ್ಲಿ ನಿಂತು ನೋಡಿದ್ದು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸುವ ಇರಾದೆಯೂ ನನಗಿಲ್ಲ.

ಭೂವಿಜ್ಞಾನ ಓದಿ, ಮಿರಜಿನಿಂದ ರೈಲು ಹತ್ತಿ ಉತ್ತರ ಭಾರತದ ಒಂದು ಗುಡ್ಡಗಾಡಿಗೆ ಹೋದೆ. ನೂರಾರು ವರ್ಷಗಳ ಹಿಂದೆಯೇ ಜನ ಅಲ್ಲಿ ಬೆಳ್ಳಿ ತೆಗೆದಿದ್ದರು. ಅದಿರು ಕರಗಿಸಿ ಉಳಿದ ಕಿಟ್ಟದ ದಿಬ್ಬಗಳು ಹಾದಿಯ ಎರಡೂ ಬದಿಗೆ ಬಿದ್ದಿದ್ದವು, ಮೇಕೆಗಳು ಅವುಗಳ ಮೇಲೆ ಹತ್ತಿ ಇಳಿಯುತ್ತಿದ್ದವು. ಇನ್ನೂ ಬೆಳ್ಳಿ ಉಳಿದಿದೆಯೇ ಎಂದು ಯಂತ್ರದಿಂದ ಕೊರೆದು ನೋಡುವುದು ನಮ್ಮ ಕೆಲಸ. ಬಂಡೆಯೊಳಗಿನಿಂದ ಕಬ್ಬಿನ ಜಲ್ಲೆಯಂಥ ಕಲ್ಲಿನ ತುಂಡುಗಳು ಮೇಲೆ ಬರುತ್ತವೆ. ಅವನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಯಾವ ಆಳದಲ್ಲಿ ಏನು ಕಂಡಿತು ಎಂದು ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಬೆಳ್ಳಿ ಅಲ್ಲಿ ಬೆಳ್ಳಗಿರುವುದಿಲ್ಲ. ಸೀಸದ ಅದಿರಿನೊಳಗೆ ಬೂದುಗಪ್ಪಾಗಿ ಅಡಗಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವರು ಹೇಳುತ್ತಾರೆ, ಬೆಳ್ಳಿಯೇ ಬೆಳ್ಳಗಿರುವುದಿಲ್ಲ ಎಂದರೆ ಮಾತ್ರ ಯಾರೂ ನಂಬುವುದಿಲ್ಲ.

ಸೇರಿ ಐದು ತಿಂಗಳಾಗಿತ್ತು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ತಂಡದ ಹಿರಿಯ ಭೂವಿಜ್ಞಾನಿಗೆ ಯಂತ್ರದ ಪಕ್ಕ ಹೆಣ್ಣುಮಗಳು ನಿಲ್ಲುವುದು ಮೊದಲಿನಿಂದಲೂ ಸರಿಬಂದಿರಲಿಲ್ಲ. ತಪ್ಪು ಮಾಡಿದರೆ ನಗರದ ಕಚೇರಿಯ ಕಡತದ ಕೋಣೆಗೆ ಕಳಿಸುತ್ತೇನೆ ಎಂದು ಎರಡು ಸಲ ಹೇಳಿಯೂ ಇದ್ದರು. ನನಗೆ ಬೇಕಿದ್ದದ್ದು ಯಂತ್ರದ ಪಕ್ಕದ ಆ ಜಾಗ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅಷ್ಟರಲ್ಲಿ ತಪ್ಪು ಮಾಡಿಯೇಬಿಟ್ಟೆ. ಅಥಣಿ ಕಡೆಯವರಷ್ಟೇ ಮಾಡುವಂಥ ತಪ್ಪು.

ಅರವತ್ತು ಮೀಟರು ದಾಟಿದಾಗ ಕೊರೆಯುವ ಸಲಾಕೆ ಒಮ್ಮೆಲೇ ಮೊಳದಷ್ಟು ಕೆಳಗೆ ಜಾರಿತು. ಮರುಗಳಿಗೆ ತೂತಿನಿಂದ ನೀರು ಉಕ್ಕಿ ಬಂತು. ನಮ್ಮ ಐಗಳಿ ಕಡೆ ಬೋರಿಗೆ ನೀರು ಬಿತ್ತೆಂದರೆ ಎಂಜಿನ್ ನಿಲ್ಲಿಸುತ್ತಾರೆ. ಮೊದಲ ನೀರನ್ನು ಎಲ್ಲರೂ ಒಂದೊಂದು ಬೊಗಸೆ ಹಿಡಿದು ನೋಡಿಯೇ ಮುಂದಿನ ಕೆಲಸ. ನಾನು ಯೋಚಿಸಲೇ ಇಲ್ಲ. "ಬಂದ್ ಮಾಡ್ರಿ, ನೀರ ಬಿತ್ತು" ಎಂದು ಕೈ ಎತ್ತಿಬಿಟ್ಟೆ. ಭಾಷೆ ತಿಳಿಯದಿದ್ದರೂ ಕೈ ತಿಳಿಯಿತು, ಚಾಲಕ ಎಂಜಿನ್ ನಿಲ್ಲಿಸಿದ. ನಾನು ಬೊಗಸೆಯೊಡ್ಡಿ ನೀರು ಹಿಡಿದೆ. ಯಂತ್ರ ನಿಂತ ಆ ಹೊತ್ತಿನಲ್ಲಿ ಕಲ್ಲಿನ ಪುಡಿ ಕೆಳಗೆ ಕೂತು ಸಲಾಕೆ ಕಚ್ಚಿಕೊಂಡಿತು. ಸಂಜೆಯತನಕ ಎಳೆದರೂ ಬಿಡಲಿಲ್ಲ.

"ಇದು ನಿಮ್ಮ ಕಬ್ಬಿನ ಗದ್ದೆಯಲ್ಲ" ಎಂದು ಹಿರಿಯರು ಹಿಂದಿಯಲ್ಲಿ, ಎಲ್ಲರ ಮುಂದೆ ಹೇಳಿದರು. ಕೆಲಸಗಾರರು ನಕ್ಕರು. ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಬಂಡೆಯಲ್ಲಿ ನೈಸರ್ಗಿಕ ಬಿರುಕು ಸಿಕ್ಕಿದೆ, ಅದಿರಿನ ಕುರುಹಿಲ್ಲ, ಈ ಭಾಗವನ್ನೇ ಕೈಬಿಡೋಣ ಎಂದು ಬರೆದು ಸಹಿ ಹಾಕು ಎಂದರು. ಆಮೇಲೆ ನಗರಕ್ಕೆ ಹೊರಡುವ ತಯಾರಿ ಮಾಡಿಕೋ ಎಂದರು.

ನನ್ನ ಬೊಗಸೆಯಲ್ಲಿ ಆ ನೀರಿನ ವಾಸನೆ ಇನ್ನೂ ಇತ್ತು. ಗುರುತಿನ ವಾಸನೆ, ಆದರೆ ಎಲ್ಲಿಯದು ಎಂದು ನೆನಪಾಗುತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ.

"ನೀರು ತಿಳಿ ಬಂತೋ, ಮಂದ ಬಂತೋ?" ಎಂದು ಕೇಳಿದ.

"ಮಂದ ಇತ್ತಪಾ. ಕೊಳತ ಕಟಗಿ ವಾಸನಿ ಬಂತು."

"ಹಂಗಾರ ಅದು ಸೆಲಿ ನೀರಲ್ಲ ಮಗಳ, ನಿಂತ ನೀರು. ಸೆಲಿ ನೀರಿಗೆ ವಾಸನಿ ಇರೂದಿಲ್ಲ. ಮಂದಿ ಇಳದ ಜಾಗಾದಾಗ ನಿಂತ ನೀರಿಗಷ್ಟ ಆ ವಾಸನಿ. ಕೆಳಗ ಬಾವಿ ಐತಿ ನೋಡು. ಕೆಸರ ಸೋಸಿ ನೋಡು."

ಮರುದಿನ ಬೆಳಿಗ್ಗೆ ಉಕ್ಕಿ ಬಂದ ಕೆಸರನ್ನೆಲ್ಲ ಬಕೆಟ್ಟಿಗೆ ತುಂಬಿ, ಅಡುಗೆಯವನಿಂದ ಹಿಟ್ಟಿನ ಜರಡಿ ಕಡ ತಂದು ಸೋಸಿದೆ. ಕಡಲೆಕಾಳಿನಷ್ಟು ಇದ್ದಲಿನ ಚೂರುಗಳು ಸಿಕ್ಕವು. ಬೆರಳುದ್ದದ ಒಂದು ಕಟ್ಟಿಗೆಯ ಸಿಬಿರೂ ಸಿಕ್ಕಿತು. ಹಳೆಯ ಕಾಲದವರು ಬಂಡೆಗೆ ಬೆಂಕಿ ಹಾಕಿ, ಕಾಯಿಸಿ ಒಡೆಯುತ್ತಿದ್ದರು, ಕಟ್ಟಿಗೆಯ ಏಣಿಯಲ್ಲಿ ಇಳಿಯುತ್ತಿದ್ದರು. ಅವರಿಗೇನು ಹುಚ್ಚೇ, ಅದಿರಿಲ್ಲದ ಕಡೆ ಅಷ್ಟು ಆಳಕ್ಕೆ ಹೋಗಲು? ದಾಖಲೆ ಪುಸ್ತಕದಲ್ಲಿ ಬರೆದೆ: ನೈಸರ್ಗಿಕ ಬಿರುಕಲ್ಲ, ಹಳೆಯ ಗಣಿ; ನಿಂತ ನೀರು; ಇದರ ಕೆಳಗೆ ಕೊರೆದು ನೋಡಬೇಕು.

ಹಿರಿಯರು ಓದಿದರು. ಹೊಡೆದುಹಾಕು ಎಂದರು. ಆಗುವುದಿಲ್ಲ ಎಂದೆ.

"ಇದ್ದಲು ಕಾಡ್ಗಿಚ್ಚಿನದೂ ಇರಬಹುದು."

"ಅರವತ್ತು ಮೀಟರು ಬಂಡೆಯೊಳಗೆ ಯಾವ ಕಾಡು ಸರ್?"

"ನಿಂತ ನೀರು ಎಂದು ನಿನಗೆ ಹೇಳಿದವರು ಯಾರು?"

"ನಮ್ಮಪ್ಪ."

"ಏನು ಓದಿದ್ದಾರೆ?"

"ಬಾವಿ ಓದಿದ್ದಾರೆ ಸರ್. ಮೂವತ್ತು ವರ್ಷ, ತಳದಲ್ಲಿ ನಿಂತು."

ಸುತ್ತ ನಿಂತ ಕೆಲಸಗಾರರು ಈ ಸಲ ನಗಲಿಲ್ಲ. ಹೆದರಿಕೆ ಅಷ್ಟಿಷ್ಟಿರಲಿಲ್ಲ. ಕಳಿಸುವುದಿದ್ದರೆ ಕಳಿಸಿ, ಬರೆದದ್ದು ಮಾತ್ರ ಹಾಗೇ ಇರುತ್ತದೆ, ಬಿರುಕು ಎಂದು ನಾನು ಸಹಿ ಹಾಕುವುದಿಲ್ಲ ಎಂದು ಹೇಳಿ ಪುಸ್ತಕ ಮುಚ್ಚಿದೆ. ಇದ್ದಲು, ಸಿಬಿರು ಎರಡನ್ನೂ ಪೊಟ್ಟಣದಲ್ಲಿ ಕಟ್ಟಿ, ಆಳ ಬರೆದು ಪೆಟ್ಟಿಗೆಯಲ್ಲಿಟ್ಟೆ. ಪೆಟ್ಟಿಗೆಯನ್ನು ಯಾರೂ ಬದಲಿಸುವ ಹಾಗಿಲ್ಲ, ಅದು ನಿಯಮ. ನಿಯಮ ಒಮ್ಮೊಮ್ಮೆ ನಮ್ಮಂಥವರ ಕಡೆಗೂ ಇರುತ್ತದೆ.

ನನ್ನನ್ನು ನಗರಕ್ಕೆ ಕಳಿಸುವ ಕಾಗದ ಬರುವ ಮೊದಲೇ, ಎರಡು ವಾರದ ಮೇಲೆ ಮುಖ್ಯ ಕಚೇರಿಯಿಂದ ತಪಾಸಣೆಗೆ ಬಂದ ಹೆಂಗಸು ಪೆಟ್ಟಿಗೆ ತೆರೆದು, ಪೊಟ್ಟಣ ಬಿಚ್ಚಿ, ನನ್ನ ಬರಹ ಓದಿ, ಗುಡ್ಡದ ಓರೆಯನ್ನು ಬಹಳ ಹೊತ್ತು ನೋಡಿದರು. ಯಂತ್ರವನ್ನು ಮೇಲಕ್ಕೆ ಸರಿಸಿ, ಹಳೆಯ ಗಣಿಯ ಅಡಿಗೆ ಹೋಗುವಂತೆ ಓರೆಯಾಗಿ ಕೊರೆಯಿರಿ ಎಂದರು. ಒಂಬತ್ತನೆಯ ದಿನ ಬೂದುಗಪ್ಪು ಕಲ್ಲು ಬಂತು, ಮೊಳದುದ್ದ, ಎತ್ತಿದರೆ ಕೈ ಸೋಲುವಷ್ಟು ಭಾರ. ಪರೀಕ್ಷೆಯಲ್ಲಿ ಬೆಳ್ಳಿ ಇದೆ ಎಂದಾಯಿತು. ವರದಿಯಲ್ಲಿ ಹಿರಿಯರ ಹೆಸರಷ್ಟೇ ಬಂತು. ಇರಲಿ. ನಗರಕ್ಕೆ ಕಳಿಸುವ ಮಾತು ಅಲ್ಲಿಗೇ ನಿಂತಿತು; ನಾನು ಯಂತ್ರದ ಪಕ್ಕದಲ್ಲೇ ಉಳಿದೆ, ಈಗಲೂ ಅಲ್ಲೇ ಇದ್ದೇನೆ.

ಹೋದ ಸಲ ರಜೆಗೆ ಊರಿಗೆ ಬಂದಾಗ, ಅಪ್ಪ ಹೂಳೆತ್ತುತ್ತಿದ್ದ ತೋಟದ ಯಜಮಾನರು ಮನೆಯ ಬಾಗಿಲಿಗೇ ಬಂದರು. ಬಾವಿ ಸಾಲುತ್ತಿಲ್ಲ, ಬೋರ್ ಎಲ್ಲಿ ಹಾಕಬೇಕು ನೋಡಿ ಹೇಳು ಎಂದರು. "ನೀ ದೊಡ್ಡ ಸಾಯಿಂಟಿಸ್ಟ್ ಆಗೀಯಂತ ಕೇಳೇನಿ ತಂಗಿ."

"ನನಗ ಕಲ್ಲ ಅಷ್ಟ ಗೊತ್ತರಿ" ಎಂದೆ. "ನೀರಿನ್ದು ಅಪ್ಪಗ ಕೇಳ್ರಿ. ಆದ್ರ ಅಂವ ಈಗ ಇಳಿಯೂದಿಲ್ಲ. ದಂಡಿ ಮ್ಯಾಲೆ ನಿಂತ, ತನ್ನ ಕೈಲೆ ಸೇದಿ, ಕುಡದ ನೋಡಿ ಹೇಳ್ತಾನ."

ಯಜಮಾನರು ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ಕೊನೆಗೆ "ಬರ್ರಿ" ಎಂದರು. ಅಪ್ಪನಿಗೆ ಅವರು ಬರ್ರಿ ಎಂದದ್ದು ಅದೇ ಮೊದಲು.

ತೋಟಕ್ಕೆ ನಾನೂ ಹೋದೆ. ಅಪ್ಪ ಚಪ್ಪಲಿ ಬಿಡಲು ಬಗ್ಗಿದ, ನಾನು ತೋಳು ಹಿಡಿದೆ, ಚಪ್ಪಲಿಯಲ್ಲೇ ದಂಡೆ ಹತ್ತಿದ. ಅಷ್ಟು ಸಲ ತೊಳೆದ ಬಾವಿಯನ್ನು ಅವನು ಹಗ್ಗವಿಲ್ಲದೆ, ದಂಡೆಯ ಮೇಲೆ ನಿಂತು ನೋಡಿದ್ದು ಅಂದೇ ಮೊದಲು. ಕೊಡ ಇಳಿಸಿ, ಸೇದಿ, ಮೂಸಿದ. ಒಂದು ಗುಟುಕು ಬಾಯಿಗೆ ಹಾಕಿ, ಹೊರಳಾಡಿಸಿ, ಯಜಮಾನರ ಕಾಲ ಬಳಿಯೇ ಉಗುಳಿದ.

"ನಿಂತ ನೀರ್ರಿ ಇದು" ಎಂದ. "ಇದಕ್ಕ ಇಷ್ಟ ವರ್ಷ ನಮ್ಮನ್ನ ಮುಟ್ಟಗೊಡಲಿಲ್ಲಲ್ಲ ನೀವು."