ಶೇರು ಪತ್ರದ ಮೇಲಿನ ವಿಭೂತಿ

ಹಳೆಯ ಶೇರು ಪತ್ರ ಕೂಡಿಸುವವರಲ್ಲಿ ಒಂದು ಪಂಥವಿದೆ. ಕಾಗದ ಹಳೆಯದಿರಬೇಕು, ಆದರೆ ಅದನ್ನು ಯಾರೂ ಮುಟ್ಟಿರಬಾರದು ಎನ್ನುವವರು. ಯಾರೂ ಮುಟ್ಟದಿದ್ದರೆ ಅದು ಇತಿಹಾಸ ಹೇಗಾಯಿತು ಸ್ವಾಮಿ? ಗೋದಾಮಿನಲ್ಲಿ ಮರೆತ ಸರಕು, ಅಷ್ಟೇ. ಎದುರಾಳಿಯ ಪಕ್ಷವನ್ನೂ ಒಮ್ಮೆ ವಾದಿಸಿ ನೋಡಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿಸಿದ್ದರು. ಇವರದನ್ನು ವಾದಿಸಿ ನೋಡಿದ್ದೇನೆ. ನಿಲ್ಲುವುದಿಲ್ಲ.

ನಾನೂ ಕೂಡಿಸುತ್ತೇನೆ. ಮುಂಬೈ ಶೇರು ಬಜಾರಿನ ದಲಾಲರ ಸೌದಾ ಚೀಟಿಗಳು, ಮುಚ್ಚಿಹೋದ ಗಿರಣಿಗಳ ಶೇರು ಪತ್ರಗಳು, ಮಿರಜಿನ ರದ್ದಿ ಅಂಗಡಿಗೆ ತೂಕದ ಮೇಲೆ ಬಂದು ಬೀಳುವಂಥವು. ಆದರೆ ನಾನು ಕಂಡದ್ದರಲ್ಲೆಲ್ಲ ಒಳ್ಳೆಯ ಎರಡು ಪತ್ರಗಳು ಸಾಂಗ್ಲಿಯಲ್ಲಿ, ಕಾಕಾನ ಅರಿಶಿನ ಅಂಗಡಿಯ ಕಪಾಟಿನಲ್ಲಿದ್ದವು. ಅಜ್ಜ ತನ್ನ ಹೆಸರಿಗೆ ಕೊಂಡದ್ದು. ಆ ಗಿರಣಿ ಎಂದೋ ಮುಳುಗಿತು. ಆದರೂ ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಪತ್ರಗಳನ್ನು ತಕ್ಕಡಿಯ ಪಕ್ಕ ಇಡುತ್ತಿದ್ದರು, ಆಯಿ ಅವುಗಳ ಮೇಲೆ ಒದ್ದೆ ವಿಭೂತಿಯ ಮೂರು ಬೆರಳು ಎಳೆಯುತ್ತಿದ್ದಳು. ಆಯಿ ಎಂದರೆ ನಮ್ಮ ಮನೆಯಲ್ಲಿ ಅಜ್ಜಿ. ವರ್ಷ ವರ್ಷವೂ ಅದೇ ಜಾಗದಲ್ಲಿ, ಗಿರಣಿಯ ಚಿಮಣಿಯ ಚಿತ್ರಕ್ಕೆ ಅಡ್ಡಲಾಗಿ. ಅರಿಶಿನ ಆರಿಸುವ ಕೈ ಅದು. ಗೆರೆಗಳಲ್ಲಿ ಬೂದಿಗಿಂತ ಹಳದಿಯೇ ಹೆಚ್ಚು. ನಾನು ವಿಭೂತಿ ಹಚ್ಚುವುದಿಲ್ಲ, ಹಚ್ಚಿದ್ದಕ್ಕೆ ಗಿರಣಿಯೇನೂ ಉಳಿಯಲಿಲ್ಲ ಎಂಬುದನ್ನೂ ಗಮನಿಸಿದ್ದೇನೆ. ಆದರೆ ಬಜಾರಿಗೆ ಕಾಲಿಡದ ಹೆಂಗಸೊಬ್ಬಳ ಕೈಗುರುತು ಶೇರು ಪತ್ರದ ಮೇಲೆ ಬೇರೆಲ್ಲಿದೆ, ತೋರಿಸಿ.

ಆಯಿ ತೀರಿಕೊಂಡ ಮರುವರ್ಷ ಸಾಂಗ್ಲಿಯಲ್ಲಿ ಹಳೆಯ ಕಾಗದಗಳ ಪ್ರದರ್ಶನ ಏರ್ಪಾಡಾಯಿತು. ತಮ್ಮಪ್ಪನ, ಅಂದರೆ ನಮ್ಮಜ್ಜನ, ಹೆಸರು ಗೋಡೆಯ ಮೇಲೆ ಕಾಣಬೇಕೆಂದು ಕಾಕಾನ ಆಸೆ. ನನಗೆ ಹೇಳದೆ ಒಂದು ಪತ್ರ ಕೊಟ್ಟಿದ್ದರು. ನಾನು ಹೋದಾಗ ಅದು ಗಾಜಿನ ಹಿಂದಿತ್ತು. ಗೆರೆಗಳಿರಲಿಲ್ಲ. ಸಂಘಟಕರು ಯಾವುದೋ ದ್ರಾವಣದಲ್ಲಿ ಅದ್ದಿ ತೆಗೆದಿದ್ದರು.

“ಕಾಕಾ, ಇದೇನ್ರಿ? ಆಯಿ ಬೆರಳ ಎಲ್ಲಿ ಹೋದ್ವು?”

“ಡಾಗ ಅಂದ್ರಪಾ ಅವ್ರು. ತೊಳದ್ರ ಛಲೋ ಕಾಣತೈತಿ ಅಂದ್ರು.”

“ನಿಮ್ಮ ಹಣೀಮ್ಯಾಲಿಂದೂ ಡಾಗ ಏನ್ರಿ?”

“ಏ ವಕೀಲ, ಸಣ್ಣಗ ಮಾತಾಡು. ಮಂದಿ ನೋಡಾಕತ್ತಾರ. ನೀ ಯಾವಾಗ ಈಬತ್ತಿ ಭಕ್ತ ಆದಿ?”

ಎರಡನೆಯ ಪತ್ರ ಕಾಕಾನ ಕೈಯಲ್ಲೇ ಇತ್ತು. ಜೋಡಿಯಾಗಿ ತೂಗುಹಾಕಲು ಅದನ್ನೂ ತರಿಸಿದ್ದರು. ಸಂಘಟಕರು ಬಂದು ಕೈಚಾಚಿದರು. ನಾನು ನಡುವೆ ನಿಂತು ಮರಾಠಿಯಲ್ಲಿ ವಾದಕ್ಕಿಳಿದೆ. ದಲಾಲನ ರುಜು ಉಳಿಯಬೇಕು, ಮೊಹರು ಉಳಿಯಬೇಕು, ಆಯಿಯ ಬೆರಳು ಮಾತ್ರ ಕೊಳೆ ಹೇಗೆ? ಶಾಯಿಯಲ್ಲಿದ್ದರೆ ದಾಖಲೆ, ಬೂದಿಯಲ್ಲಿದ್ದರೆ ಡಾಗ, ಇದು ಯಾವ ಊರಿನ ಶಾಸ್ತ್ರ?

ಅವರು ತಾಳ್ಮೆಯಿಂದ ನಕ್ಕರು. ಆ ನಗು ನನಗೆ ಗೊತ್ತು; ಚರ್ಚಾಕೂಟದಲ್ಲಿ ಉತ್ತರ ಹೊಳೆಯದ ತೀರ್ಪುಗಾರರು ಹಾಗೆಯೇ ನಗುತ್ತಾರೆ. “ಇಷ್ಟೇ ತಾನೆ?” ಎಂದರು ಮರಾಠಿಯಲ್ಲಿ. “ಈಗ ತೊಳೆಯೋಣ. ಪ್ರದರ್ಶನ ಮುಗಿದ ಮೇಲೆ ಆಯಿ ಕೈಲಿ ಮತ್ತೆ ಎಳೆಸಿಕೊಂಡರಾಯಿತು.”

ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನನ್ನ ತಾಯಿ ಮಿರಜಿನ ಮನೆಯಲ್ಲಿ ಆರಾಮಾಗಿದ್ದಾಳೆ. ಅವಳ ಬೆರಳೆಂದೇ ತಿಳಿದ ಸಂಘಟಕರ ಮಟ್ಟಿಗೆ ಸಮಸ್ಯೆಯೇ ಇರಲಿಲ್ಲ. ತಿದ್ದಲು ಹೊರಟವನಿಗೆ ಕಾಕಾನ ಮುಖ ಕಂಡಿತು. ನನಗೆ ತಪ್ಪಾಗಿದ್ದ ಆ ಅರ್ಥ ಕಾಕಾನಿಗೆ ಸರಿಯಾಗಿಯೇ ತಗುಲಿತ್ತು. ಸತ್ತವಳು ಅವರ ತಾಯಿ.

ಜೀವಮಾನವಿಡೀ ಬಜಾರಿನಲ್ಲಿ ಮರಾಠಿಯನ್ನೇ ಆಡಿದ ಮನುಷ್ಯ, ಕನ್ನಡ ತಿಳಿಯದ ಆ ಸಂಘಟಕರಿಗೆ ಕನ್ನಡದಲ್ಲಿ ಹೇಳಿದರು: “ಎಲ್ಲಿಂದ ಎಳಸಲಿರಿ? ಆಕಿ ಹೋಗ್ಯಾಳ. ಇದ್ದಂಗ ಹಾಕ್ತೀರೇನು?”

ನಾನು ಅನುವಾದಿಸಿದೆ. ಕಲೆ ಇದ್ದದ್ದನ್ನು ಹಾಕುವ ನಿಯಮವಿಲ್ಲ ಎಂದರು.

“ಹಂಗಾರ ಬ್ಯಾಡ.” ಕಾಕಾ ಪತ್ರವನ್ನು ಎದೆಗೆ ಒತ್ತಿ ಹಿಡಿದರು.

ಗೋಡೆಯ ಮೇಲಿನದನ್ನೂ ಇಳಿಸಿರಿ ಎಂದು ನಾನು ಪಟ್ಟು ಹಿಡಿದೆ. ಕಾಕಾ ನನ್ನ ತೋಳು ಜಗ್ಗಿದರು. “ಇರಲಿ ಬಿಡು. ಅದರಾಗ ಈಗ ಅಪ್ಪ ಒಬ್ಬನ ಅದಾನ. ನೋಡ್ಲಿ ಮಂದಿ.”

ಅವರಿಗೆ ಅದು ಸಾಕಾಯಿತು. ನನಗೆ ಸಾಕಾಗಿಲ್ಲ. ಒಬ್ಬಳನ್ನು ಒರೆಸಿ ಹಾಕಿದವರು ಒಂದು ‘ತಪ್ಪಾಯಿತು’ ಎನ್ನಲಿಲ್ಲ. ಹೊರಡುವಾಗ ಪ್ರದರ್ಶನದ ಪುಸ್ತಕದಲ್ಲಿ ಅಭಿಪ್ರಾಯ ಬರೆಯಿರೆಂದು ನನ್ನ ಕೈಗೆ ಪೆನ್ನು ಕೊಟ್ಟರು. ಬರೆದೆ. ಜಾಗ ಸಾಲಲಿಲ್ಲ.