ಕಾಟಕ್ಕನ ಬಿಳಿ ಹೂಜಿ

ನಮ್ಮ ಅತ್ತೆಗೆ ಕಾರ್ಖಾನೆಯಲ್ಲಿ ಕಾಟಕ್ಕ ಎಂದು ಹೆಸರಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ, ಇದು ಯಾರೋ ಹೊಟ್ಟೆಕಿಚ್ಚಿನವರು ಇಟ್ಟ ಹೆಸರು ಎಂದುಕೊಂಡಿದ್ದೆ. ಆರು ತಿಂಗಳು ಅವರ ಜೊತೆ ಒಂದೇ ಅಡುಗೆಮನೆಯಲ್ಲಿ ಕಳೆದ ಮೇಲೆ, ಇಟ್ಟವರು ಬಹಳ ಯೋಚನೆ ಮಾಡಿಯೇ ಇಟ್ಟಿದ್ದಾರೆ ಅನ್ನಿಸಿತು.

ಹೆಸರಿಗೆ ಕಾರಣ ಅವರ ಕೆಲಸ. ಪಿಂಗಾಣಿ ಕಾರ್ಖಾನೆಯ ಚೆಕಿಂಗ್ ಮೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತವರು ಅವರು. ಭಟ್ಟಿಯಲ್ಲಿ ಸುಟ್ಟು ಆರಿದ ತಟ್ಟೆಗಳು ಒಂದೊಂದಾಗಿ ಅವರ ಕೈಗೆ ಬರುತ್ತಿದ್ದವು. ಬೆರಳಿನಲ್ಲಿ ಅಂಚು ಸವರಿ, ಉಗುರಿನಲ್ಲಿ ತಟ್ಟಿ ಸದ್ದು ಕೇಳಿ, ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡಿ, ಸರಿಯಿದ್ದರೆ ಎಡಕ್ಕೆ. ಸರಿಯಿಲ್ಲದಿದ್ದರೆ ಬೆನ್ನಿಗೆ ಕೆಂಪು ಮೇಣದ ಪೆನ್ಸಿಲಿನಲ್ಲಿ ಅಡ್ಡಡ್ಡ ಎರಡು ಗೆರೆ ಎಳೆದು ಬಲಕ್ಕೆ. ಆ ಎರಡು ಗೆರೆಯೇ ಕಾಟು. ಕಾಟು ಹಾಕುವ ಅಕ್ಕ ಕಾಟಕ್ಕ. ಕಾಟು ಬಿದ್ದವರ ಬಾಯಲ್ಲಿ ಮಾತ್ರ ಅದು ಕಾಟ ಕೊಡುವ ಅಕ್ಕ ಆಗುತ್ತಿತ್ತು. ಅತ್ತೆಗೆ ಎರಡು ಅರ್ಥವೂ ಗೊತ್ತಿತ್ತು, ಎರಡಕ್ಕೂ ಬೇಸರವಿರಲಿಲ್ಲ.

ಪ್ರತಿ ಮೇಜಿಗೂ ಒಂದು ನಮೂನೆ ತಟ್ಟೆ ಕೊಟ್ಟಿರುತ್ತಾರೆ. ಬಿಳಿ ಎಂದರೆ ಇಷ್ಟು ಬಿಳಿ ಎಂದು ಕಾರ್ಖಾನೆಯವರೇ ಗೊತ್ತುಮಾಡಿ, ಬೆನ್ನಿಗೆ ಮುದ್ರೆ ಒತ್ತಿದ ತಟ್ಟೆ ಅದು. ಉಳಿದವರು ಅನುಮಾನ ಬಂದಾಗಲೆಲ್ಲ ಅದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಿದ್ದರು. ಅತ್ತೆ ತಮ್ಮದನ್ನು ಮೊದಲ ವರ್ಷವೇ ಡ್ರಾಯರಿನಲ್ಲಿ, ಊಟದ ಡಬ್ಬಿಯ ಕೆಳಗೆ ಸೇರಿಸಿದವರು ಮತ್ತೆ ಹೊರಗೆ ತೆಗೆಯಲಿಲ್ಲ. "ನನ್ನ ಕಣ್ಣಿಗೆ ಊರುಗೋಲು ಬೇಕಾ?" ಎನ್ನುತ್ತಿದ್ದರು. ನಿವೃತ್ತಿಯ ದಿನ ಜೊತೆಯವರು ಅದನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟು, "ಒಂದಿನಾನೂ ಬಳಸಿಲ್ಲ, ಹೊಸದೇ ನೋಡಿ" ಎಂದು ನಕ್ಕರಂತೆ. ಅತ್ತೆ ಅದನ್ನು ತಂದು ಕಾಗದವನ್ನೂ ಬಿಚ್ಚದೆ ಬೀರುವಿನ ಮೇಲಿಟ್ಟರು.

ಅವತ್ತು ಎಲ್ಲರೂ ಬಂದಿದ್ದರು, ಭಟ್ಟಿ ಮೇಸ್ತ್ರಿ ಒಬ್ಬರನ್ನು ಬಿಟ್ಟು.

ಭಟ್ಟಿ ಮೇಸ್ತ್ರಿ ಸುಟ್ಟದ್ದನ್ನು ಅತ್ತೆ ಇಪ್ಪತ್ತು ವರ್ಷ ನೋಡಿದ್ದರು. ಇಬ್ಬರೂ ಒಬ್ಬರ ಕಾಲು ಒಬ್ಬರು ಎಳೆದುಕೊಂಡೇ ಇದ್ದವರು. ಅಚ್ಚ ಬಿಳಿ ತಟ್ಟೆ ಸುಡುತ್ತಿದ್ದುದು ಮೇಸ್ತ್ರಿಯ ಭಟ್ಟಿ ಒಂದೇ. ಅತ್ತೆಯ ಕೊನೆಯ ತಿಂಗಳುಗಳಲ್ಲಿ ಆ ಭಟ್ಟಿಯ ಮೂರು ಲಾಟ್ ತಟ್ಟೆಗಳು ಒಂದರ ಹಿಂದೆ ಒಂದು ಹಳದಿ ಛಾಯೆ ಎಂದು ಬಲಕ್ಕೆ ಹೋದವು. ಮೇಸ್ತ್ರಿ ಮೇಜಿನ ತನಕ ಬಂದು, "ಅಕ್ಕ, ಬಿಳೀನೇ ಇದೆ. ಒಂದ್ಸಲ ನಮೂನೆ ತಟ್ಟೆ ಪಕ್ಕದಲ್ಲಿಟ್ಟು ನೋಡಿ" ಎಂದರಂತೆ. ಅತ್ತೆಗೆ ಎಲ್ಲಿತ್ತೋ ಸಿಟ್ಟು. "ನನಗೇ ಪಾಠ ಹೇಳ್ತೀಯೇನಪ್ಪಾ?" ಎಂದು ಚೆಕಿಂಗ್ ಪುಸ್ತಕದಲ್ಲಿ ಮೂರನೆಯ ಲಾಟಿನ ಪುಟವನ್ನೂ ಬರೆದು ಮುಗಿಸಿದರು. ಕಾಟಕ್ಕ ಹೇಳಿದ ಮೇಲೆ ಮ್ಯಾನೇಜರೂ ಎರಡನೇ ಸಲ ನೋಡುತ್ತಿರಲಿಲ್ಲ. ಮೇಸ್ತ್ರಿಯನ್ನು ಭಟ್ಟಿಯಿಂದ ತೆಗೆದು, ಹಿಂದಿನ ಅಂಗಳದಲ್ಲಿ ಡಬ್ಬ ಕಟ್ಟಿ ಲಾರಿಗೆ ಏರಿಸುವ ಕೆಲಸಕ್ಕೆ ಹಾಕಿದರು.

ಆ ಮೂರು ಲಾಟು ಸೆಕೆಂಡ್ಸ್ ಎಂದು ಕೆಲಸಗಾರರಿಗೇ ಅಗ್ಗಕ್ಕೆ ಸಿಕ್ಕವು. ಅದರಲ್ಲಿ ಆರು ತಟ್ಟೆ ನಮ್ಮ ಮನೆಗೂ ಬಂದವು. ದಿನವೂ ನಾವು ಉಣ್ಣುತ್ತಿದ್ದುದು ಅವುಗಳಲ್ಲೇ. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ.

ನಿವೃತ್ತಿಯಾದ ಮೇಲೆ ಅತ್ತೆ ಮನೆಯಲ್ಲಿ ಕೂತರು ಎನ್ನುವುದು ಸುಳ್ಳು, ಅವರು ಕೂರಲೇ ಇಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಟ್ಟೆ ತಂತಿಗೆ. ಇಸ್ತ್ರಿ ಮಾಡಿಟ್ಟದ್ದನ್ನು ಬಿಚ್ಚಿ ನೋಡುವುದು, ಒಪ್ಪಮಾಡಿದ ತರಕಾರಿಯನ್ನು ಮತ್ತೆ ಆರಿಸುವುದು. ಹೋಟೆಲಿಗೆ ಹೋದರೆ ತಟ್ಟೆ ತಿರುಗಿಸಿ ಬೆನ್ನು ನೋಡುವುದು. ಒಮ್ಮೆ ನನ್ನ ತಂಗಿಯ ಮನೆಯಲ್ಲಿ ಚಹಾ ಇರುವ ಕಪ್ಪನ್ನೇ ತಿರುಗಿಸಿ ಸೋಫಾ ಒದ್ದೆ ಮಾಡಿದರು. ಬಲ್ಬು ಹಳದಿ ಎಂದು ಒಂದೇ ಕೋಣೆಗೆ ಮೂರು ಬಲ್ಬು ಬದಲಿಸಿದರು. ಬಿಳಿ ಬಟ್ಟೆ ನಾನು ಸರಿಯಾಗಿ ಒಗೆಯುವುದಿಲ್ಲವೆಂದು ತಾವೇ ಬಕೆಟ್ಟಿಗೆ ನೀಲಿ ಹಾಕತೊಡಗಿದರು. ಎರಡು ತಿಂಗಳಲ್ಲಿ ನನ್ನ ಗಂಡನ ಬಿಳಿ ಅಂಗಿಗಳೆಲ್ಲ ಶಾಲೆಯ ಸಮವಸ್ತ್ರದ ಬಣ್ಣಕ್ಕೆ ತಿರುಗಿದವು. ಅವರು ಕನ್ನಡಿ ನೋಡಿ, ನನ್ನ ಮುಖ ನೋಡಿ, ತುಟಿಪಿಟಕ್ಕೆನ್ನದೆ ಅದನ್ನೇ ಹಾಕಿಕೊಂಡು ಹೋದರು. ನಾನೂ ಬಾಯಿ ಬಿಡಲಿಲ್ಲ. ಅತ್ತೆ ಬಿಳಿ ಎಂದರೆ ನಮ್ಮ ಮನೆಯಲ್ಲಿ ಅದು ಬಿಳಿ.

ಇಷ್ಟೆಲ್ಲದರ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು. "ಅವತ್ತು ಮೇಸ್ತ್ರಿ ಬರ್ಲೇ ಇಲ್ವಲ್ಲೇ" ಎನ್ನುತ್ತಿದ್ದರು.

"ಕೆಲಸ ಇತ್ತೇನೋ ಅತ್ತೆ."

"ಕೆಲಸ ಏನಿತ್ತು, ಡಬ್ಬ ಕಟ್ಟೋದು. ನಾನು ನ್ಯಾಯವಾಗೇ ಮಾಡಿದೀನಿ. ಹಳದಿ ಇತ್ತು." ಯಾರೂ ಅಲ್ಲಗಳೆಯದಿದ್ದರೂ ಇದನ್ನು ದಿನಕ್ಕೆ ಎರಡು ಸಲ ಹೇಳುತ್ತಿದ್ದರು.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿಂದ ಬಿಪಿ ನೋಡುವ ಯಂತ್ರ ತಂದು ಅವರ ತೋಳಿಗೆ ಕಟ್ಟಿದೆ. ಅದು ತೋರಿಸಿದ್ದನ್ನು ನೋಡಿ ಡಾಕ್ಟರ ಹತ್ತಿರ ಓಡಿದೆವು. ಅವರು ಮಾತ್ರೆ ಬರೆದು, "ಮನಸ್ಸಿಗೆ ಸ್ವಲ್ಪ ಆರಾಮ ಕೊಡಿ" ಎಂದರು. ಹೊರಗೆ ಬರುತ್ತಲೇ ಅತ್ತೆ, "ಮಾತ್ರೆ ನಿಮ್ಮಂಗಡೀಲಿ ಸಿಗುತ್ತೆ. ಆರಾಮ ಎಲ್ಲಿ ಸಿಗುತ್ತೆ?" ಎಂದು ಕೇಳಿದರು.

ಅಂಗಡಿಯ ನನ್ನ ಗೆಳತಿ ಒಂದು ಗೇಮ್ ಹೇಳಿದಳು. ಮನೆಯಲ್ಲಿದ್ದ ಟ್ಯಾಬಿಗೆ ಹಾಕಿಕೊಟ್ಟೆ. ಕೆರೆಯ ಪಕ್ಕ ಒಂದು ಪುಟ್ಟ ಅಂಗಡಿ, ಅದು ನಮ್ಮದು. ಬೆರಳಿನಲ್ಲಿ ಬಣ್ಣ ಕಲಸಿ ಚಿತ್ರ ಬಿಡಿಸಬೇಕು, ಅಂಗಡಿಯ ಗೋಡೆಗೆ ನೇತುಹಾಕಬೇಕು. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ತಮಗೇನು ಬೇಕೆಂದು ಹೇಳಿ, ಇಷ್ಟವಾದದ್ದನ್ನು ಕೊಂಡು, ಒಂದು ಒಳ್ಳೆಯ ಮಾತಾಡಿ ಹೋಗುತ್ತಾರೆ. ಸೋಲೂ ಇಲ್ಲ, ಗಡಿಬಿಡಿಯೂ ಇಲ್ಲ. ಹಿಂದೆ ಸಣ್ಣಗೆ ಕೊಳಲು ಬರುತ್ತಿರುತ್ತದೆ. ಗಿರಾಕಿಗಳ ಮಾತು ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಮೂಡುತ್ತದೆ. ಅತ್ತೆಗೆ ಆ ಅಕ್ಷರ ಕಾಣದು, ನಾನು ಓದಿ ಹೇಳಬೇಕು.

ಈ ಆಟದಲ್ಲಿ ಬಿಪಿ ಏರಿಸಿಕೊಂಡ ಮೊದಲ ಮನುಷ್ಯರು ನಮ್ಮ ಅತ್ತೆಯೇ ಇರಬೇಕು. ಮೊದಲ ವಾರ ಹದಿನಾಲ್ಕು ಚಿತ್ರ ಬಿಡಿಸಿದರು, ಒಂದನ್ನೂ ಗೋಡೆಗೆ ಹಾಕಲಿಲ್ಲ. ಪ್ರತಿಯೊಂದರ ಮೇಲೂ ಕೆಂಪು ಬಣ್ಣದಲ್ಲಿ ದೊಡ್ಡ ಕಾಟು. ದೋಣಿಯ ಅಂಚು ಒರಟು, ಕಾಟು. ಎಲೆಯ ಹಸಿರು ಒಂದೇ ಸಮ ಇಲ್ಲ, ಕಾಟು. ಪಾಪದ ಗಿರಾಕಿಗಳು ಬಂದು, ಖಾಲಿ ಗೋಡೆ ನೋಡಿ, ಕೈಬೀಸಿ ಹೋಗುತ್ತಿದ್ದರು.

"ಸುಮ್ನೆ ಒಂದು ಹಾಕಿ ಅತ್ತೆ. ಅವರೇನು ನಿಜವಾದ ಮನುಷ್ಯರಾ?" ಎಂದೆ.

"ಮಾಲು ನನ್ನ ಕೈಯಿಂದ ಹೋಗುತ್ತೆ ತಾನೆ?" ಎಂದರು.

ಎರಡನೆಯ ವಾರ ದೊಡ್ಡ ಟೋಪಿಯ ಹೆಂಗಸೊಬ್ಬಳು ಬಂದು, ತನ್ನ ಊಟದ ಮನೆಗೆ ಒಂದು ಬಿಳಿ ಹೂಜಿಯ ಚಿತ್ರ ಬೇಕೆಂದಳು. ನಾನು ಓದಿ ಹೇಳಿದ್ದೇ ತಡ, ಅತ್ತೆ ನೆಟ್ಟಗೆ ಕೂತರು. ಪಿಂಗಾಣಿ, ಅದರಲ್ಲೂ ಬಿಳಿ. ಅವರ ಕೆಲಸವೇ ಅವರನ್ನು ಹುಡುಕಿಕೊಂಡು ಬಂದಿತ್ತು. ಹೂಜಿಯ ಆಕಾರ ಒಂದೇ ಸಂಜೆಗೆ ಕೂತಿತು, ಕೊರಳು, ಹಿಡಿ, ತುಟಿ ಎಲ್ಲವೂ. ತಕರಾರು ಬಂದದ್ದು ಬಣ್ಣದಲ್ಲಿ. "ಇದರ ಡಬ್ಬೀಲಿರೋ ಬಿಳೀನೇ ಹಳದಿ ಕಣೇ. ಇಂಥದ್ದನ್ನ ಬಿಳಿ ಅಂತ ಕೊಡ್ತಾರಲ್ಲ" ಎಂದು ಒಂದಿಷ್ಟು ನೀಲಿ ಕಲಸಿದರು. ಸಾಲಲಿಲ್ಲ. ಮರುದಿನ ಇನ್ನಷ್ಟು. ನಾನು ಅಂಗಡಿಯಿಂದ ಬಂದು ನೋಡಿದಾಗಲೆಲ್ಲ ಹೂಜಿ ಹೆಚ್ಚು ಹೆಚ್ಚು ನೀಲಿಯಾಗುತ್ತಿತ್ತು. ಮನಸ್ಸು ಬದಲಿಸಿ ನೀಲಿ ಹೂಜಿಯನ್ನೇ ಮಾಡುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. ನಾಲ್ಕನೆಯ ಸಂಜೆ ಟ್ಯಾಬನ್ನು ಕೈಯಳತೆಯಲ್ಲಿ ಹಿಡಿದು, ಕತ್ತು ವಾರೆ ಮಾಡಿ ನೋಡಿ, "ಪಾಸ್" ಎಂದರು. ಆ ಅಂಗಡಿಯ ಗೋಡೆಗೆ ಬಿದ್ದ ಮೊದಲ ಚಿತ್ರ ಅದು.

ಟೋಪಿಯವಳು ಬಂದಳು. ಚಿತ್ರದ ಮುಂದೆ ನಿಂತಳು. ಅಕ್ಷರ ಮೂಡಿತು.

"ಏನಂತೆ, ಓದೇ."

ಓದಿದೆ. "ನಾನು ಬಿಳಿ ಕೇಳಿದ್ದೆ, ಆದರೂ ಈ ನೀಲಿ ಹೂಜಿ ನನಗೆ ಹಿಡಿಸಿತು."

"ಯಾವ ನೀಲಿ?"

ನಾನು ಅದೇ ಸಾಲನ್ನು ಇನ್ನೊಮ್ಮೆ ಓದಿದೆ.

"ಯಾವ ನೀಲಿ ಅಂದೆ. ನೀನು ಹೇಳು, ಇದು ಏನು ಬಣ್ಣ?"

ಅವರ ದನಿ ಏರಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು. ಅಂಗಿಗಳು ಕಣ್ಣ ಮುಂದೆ ಬಂದವು. ಬಲ್ಬುಗಳೂ ಬಂದವು. "ನೀಲಿ ಅತ್ತೆ" ಎಂದೆ.

ಅವರು ಟ್ಯಾಬನ್ನು ಮಡಿಲಲ್ಲಿ ಮಗುಚಿಟ್ಟರು. ಎದ್ದು, ಸ್ಟೂಲು ಎಳೆದು ಹತ್ತಿ, ಬೀರುವಿನ ಮೇಲಿನ ಕಟ್ಟನ್ನು ಇಳಿಸಿದರು. ಕಾಗದ ಹರಿದು ನಮೂನೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೂ ಬಿಸಿಲಿತ್ತು. ಎಷ್ಟೋ ಹೊತ್ತು ನೋಡಿದರು. "ಇದೂ ಹಳದಿ" ಎಂದರು.

ಆಮೇಲೆ ಅಡುಗೆಮನೆಗೆ ಹೋಗಿ ಮೂರನೆಯ ಲಾಟಿನ ಒಂದು ತಟ್ಟೆ ತಂದರು. ಬೆನ್ನಿನ ಮೇಲಿನ ಕಾಟು ತೊಳೆದು ತೊಳೆದು ಅರ್ಧ ಮಾಸಿತ್ತು. ಎರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರು. "ವ್ಯತ್ಯಾಸ ಇದೆಯಾ? ನಿಜ ಹೇಳು. ನನ್ನ ಮುಖ ನೋಡ್ಬೇಡ, ತಟ್ಟೆ ನೋಡು."

ನೋಡಿದೆ. ಎರಡೂ ಒಂದೇ, ಹಾಲಿನ ಹಾಗೆ ಬಿಳಿ. ಎರಡು ವರ್ಷದ ಹತ್ತಿರ ದಿನಕ್ಕೆರಡು ಹೊತ್ತು ಆ ತಟ್ಟೆಯಲ್ಲಿ ಉಂಡವಳು ನಾನು. ಅದು ಬಿಳಿ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅತ್ತೆ ಹಳದಿ ಎಂದಿದ್ದರು, ನನಗೇಕೆ ಊರ ಉಸಾಬರಿ ಎಂದು ಉಂಡೆ. ನನಗೆ ನಾಚಿಕೆಯಾಯಿತು.

"ಎರಡೂ ಒಂದೇ ಅತ್ತೆ. ಬಿಳಿ."

ಅತ್ತೆ ಅಳಲಿಲ್ಲ. ಆ ರಾತ್ರಿ ಉಣ್ಣಲೂ ಇಲ್ಲ.

ಮರುದಿನ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ನಾಲ್ಕೈದು ವರ್ಷದಿಂದ ನಿಧಾನವಾಗಿ ಬೆಳೆದಿದೆ, ಬಿಳಿಯೆಲ್ಲ ಹಳದಿಯಾಗಿ ಕಾಣುತ್ತದೆ ಎಂದರು. ನಿಧಾನಕ್ಕೆ ಬರುವುದರಿಂದ ಗೊತ್ತೇ ಆಗುವುದಿಲ್ಲವಂತೆ. ಬಿಪಿ ಇಳಿದರೆ ಮುಂದಿನ ವಾರವೇ ಆಪರೇಷನ್. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ರಸ್ತೆಗೆ ಬರುತ್ತಲೇ ಮನೆಯ ದಾರಿ ಬಿಟ್ಟು ಬಸ್ ನಿಲ್ದಾಣದ ಕಡೆ ತಿರುಗಿದರು. ಆಗಲೇ ಗೊತ್ತಾಯಿತು, ಅವರ ಚೀಲದಲ್ಲಿ ಬೆಳಗ್ಗೆಯಿಂದ ಖಣಖಣ ಎನ್ನುತ್ತಿದ್ದುದು ಎರಡು ತಟ್ಟೆ.

"ಆಪರೇಷನ್ ಆದ್ಮೇಲೆ ಹೋಗೋಣ ಅತ್ತೆ. ಚೆನ್ನಾಗಿ ಕಾಣೋ ಹಾಗಾಗ್ಲಿ."

"ಅವನು ಅಲ್ಲೀವರೆಗೂ ಡಬ್ಬ ಕಟ್ತಾ ಇರ್ಬೇಕಾ?"

ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಲಾರಿಯೊಂದು ನಿಂತಿತ್ತು. ಭಟ್ಟಿ ಮೇಸ್ತ್ರಿ ಮಂಡಿಯೂರಿ ಡಬ್ಬಕ್ಕೆ ಪಟ್ಟಿ ಬಿಗಿಯುತ್ತಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ನೋಡಿದರೆ ಅರವತ್ತು ಅನ್ನಿಸುತ್ತಿತ್ತು. ಅತ್ತೆಯನ್ನು ಕಂಡು ಎದ್ದು ನಿಂತರು. ಅತ್ತೆ ಹೇಗಿದ್ದೀಯ ಎಂದೂ ಕೇಳಲಿಲ್ಲ. ಚೀಲದಿಂದ ನಮೂನೆ ತಟ್ಟೆ ತೆಗೆದು, ಬೆನ್ನು ಕಾಣದಂತೆ ಅಂಗೈ ಮೇಲಿಟ್ಟು ಮುಂದೆ ಹಿಡಿದರು.

"ಇದು ಏನು ಬಣ್ಣ ನೋಡಿ ಹೇಳಪ್ಪಾ."

ಮೇಸ್ತ್ರಿ ಕೈ ಒರೆಸಿಕೊಂಡರು. ತಟ್ಟೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ಅತ್ತೆಯ ಮುಖವನ್ನೇ ನೋಡಿದರು. "ಸ್ವಲ್ಪ ಹಳದಿ ಇದೆ ಅಕ್ಕ" ಎಂದರು.

ಅತ್ತೆ ತಟ್ಟೆ ತಿರುಗಿಸಿದರು. ಬೆನ್ನಿನ ಮೇಲೆ ಕಾರ್ಖಾನೆಯ ಮುದ್ರೆ, ಅದರ ಕೆಳಗೆ ನಮೂನೆ ಎಂಬ ಅಕ್ಷರ. ಮೇಸ್ತ್ರಿ ಅದನ್ನು ಓದಿದರು. ಲಾರಿಯ ಮೇಲಿನಿಂದ ಯಾರೋ ಇನ್ನೊಂದು ಡಬ್ಬ ಕೇಳಿದರು, ಯಾರೂ ಕೊಡಲಿಲ್ಲ.

"ಯಾಕಪ್ಪಾ ಹಳದಿ ಅಂದೆ?"

"ನೀವು ಇಷ್ಟು ದೂರ ತಂದು ತೋರಿಸ್ತಿದೀರಲ್ಲ, ಹಳದಿ ಇರ್ಲೇಬೇಕು ಅನ್ಕೊಂಡೆ. ಅವತ್ತಿಂದ ನಂಗೆ ಬಿಳಿ ಯಾವ್ದು ಅಂತ ಧೈರ್ಯವಾಗಿ ಹೇಳೋಕೇ ಆಗಲ್ಲ ಅಕ್ಕ."

ಅತ್ತೆ ತಟ್ಟೆಯನ್ನು ನನ್ನ ಕೈಗಿಟ್ಟರು. "ಹಳದಿ ನನ್ನ ಕಣ್ಣಲ್ಲಿತ್ತು, ನಿನ್ನ ಭಟ್ಟೀಲಲ್ಲ" ಎಂದರು. "ತಪ್ಪಾಯ್ತಪ್ಪಾ. ಬಾ, ಆಫೀಸಿಗೆ ಹೋಗೋಣ."

ಮ್ಯಾನೇಜರು ಎರಡು ತಟ್ಟೆಗಳನ್ನೂ ನೋಡಿದರು, ಡಾಕ್ಟರ ಚೀಟಿಯನ್ನೂ ಓದಿದರು. ಕೊನೆಗೆ ಕಪಾಟಿನಿಂದ ಚೆಕಿಂಗ್ ಪುಸ್ತಕ ತೆಗೆಸಿ, "ಮೂರು ಲಾಟ್ ಇವರ ಹೆಸರಲ್ಲಿ ಹಾಳು ಅಂತ ಇರೋ ತನಕ ನಾನು ಭಟ್ಟಿ ಕೊಡೋಕಾಗಲ್ಲ. ಬರೆದವರು ನೀವು. ತೆಗೀಬೇಕಾದ್ರೂ ನೀವೇ ತೆಗೀಬೇಕು. ತೆಗೆದ್ರೆ ಸೋಮವಾರದಿಂದ ಇವರು ಭಟ್ಟಿಗೆ ಹೋಗ್ಲಿ" ಎಂದರು.

ಅತ್ತೆ ಚೀಲಕ್ಕೆ ಕೈಹಾಕಿ ಕೆಂಪು ಮೇಣದ ಪೆನ್ಸಿಲು ತೆಗೆದರು. ಅದನ್ನೂ ತಂದಿದ್ದರು. ಪುಸ್ತಕದ ಮೇಲೆ ಬಗ್ಗಿದರು, ಪುಟವನ್ನು ಹತ್ತಿರ ಎಳೆದರು, ದೂರ ತಳ್ಳಿದರು. ಅವರದೇ ಬರಹ, ಅವರಿಗೇ ಕಾಣಲಿಲ್ಲ. ನಾನು ಮುಂದಾದೆ. ಅತ್ತೆ ನನ್ನನ್ನು ತಡೆದು ಮೇಸ್ತ್ರಿಯ ಕಡೆ ತಿರುಗಿದರು. "ಎಲ್ಲಿದೆ, ನೀನೇ ತೋರ್ಸು."

ಮೇಸ್ತ್ರಿ ಅನುಮಾನಿಸುತ್ತಾ ಬಂದು ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಅತ್ತೆ ಬೆರಳನ್ನು ಮುಟ್ಟಿ ನೋಡಿ, ಅದರ ಮೇಲುಗಡೆ ಕಾಟು ಹಾಕಿದರು. ಪುಟ ಮಗುಚಿ ಇನ್ನೊಂದು. ಮತ್ತೆ ಮಗುಚಿ ಮೂರನೆಯದು.

"ಸರಿಯಾಗಿ ಬಿತ್ತಾ?"

"ಮೂರನೇದು ಒಂಚೂರು ಓರೆ ಆಯ್ತು ಅಕ್ಕ" ಎಂದರು ಮೇಸ್ತ್ರಿ. ಅವರು ಈ ಸಲ ಅತ್ತೆಯ ಮುಖ ನೋಡಿರಲಿಲ್ಲ, ಪುಟವನ್ನೇ ನೋಡುತ್ತಿದ್ದರು. ಅತ್ತೆ ಅದರ ಮೇಲೆ ಇನ್ನೊಂದು ಕಾಟು ಎಳೆದರು.